ಅವ್ವನ ಕೌದಿ ಗೋಡೆಗೇರಿದ್ದು

ಗಂಡನ ಹೆಸರು ಹೇಳಬಾರದು ಎಂದು ನನ್ನ ತವರಿನಲ್ಲಿ ಕಲಿಸಿದ್ದರು. ಆದರೆ ಬರೆಯಲು ಕೂತ ಮೇಲೆ ಬರೀ 'ಅವರು, ಇವರು' ಎಂದರೆ ಓದುವವರಿಗೆ ಏನು ತಿಳಿಯಬೇಕು? ನನ್ನ ಗಂಡನ ಹೆಸರು ಮುತ್ತಣ್ಣ. ರೋಣ ತಾಲ್ಲೂಕಿನ ಅಬ್ಬಿಗೇರಿಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ, ಹಾಗಾಗಿ ಊರಿಗೆಲ್ಲ ಅವರು ಗಿರಣಿ ಮುತ್ತಣ್ಣ. ಅವರು ಚಿತ್ರ ಮಾಡುತ್ತಾರೆಂಬುದು ಊರಿಗೆ ಗೊತ್ತು. ಅದನ್ನು ಚಿತ್ರ ಎನ್ನಲು ಮಾತ್ರ ಊರು ಇನ್ನೂ ಒಪ್ಪಿಲ್ಲ.

ಊರನ್ನೇಕೆ ದೂರಲಿ, ನಾನೇ ಎಷ್ಟೋ ವರ್ಷ ಒಪ್ಪಿರಲಿಲ್ಲ. ಅವರ ಚಿತ್ರದಲ್ಲಿ ಎತ್ತಿಲ್ಲ, ಗಿಡವಿಲ್ಲ, ದೇವರಂತೂ ಇಲ್ಲವೇ ಇಲ್ಲ. ಹರಿದ ಗೋಣಿಚೀಲ, ತುಂಡಾದ ಗಿರಣಿ ಬೆಲ್ಟು, ಉಳ್ಳಾಗಡ್ಡಿ ಸಿಪ್ಪೆ, ಗಜೇಂದ್ರಗಡದ ಮಗ್ಗದ ಮನೆಗಳಿಂದ ಬೇಡಿ ತಂದ ನೂಲಿನ ಚೂರು, ಮೇಲೆ ಹೊಲದ ಎರೆಮಣ್ಣು. ಇವಿಷ್ಟನ್ನೂ ಪ್ಲೈವುಡ್ಡಿಗೆ ಅಂಟಿಸಿ ಬಿಸಿಲಿಗಿಡುತ್ತಾರೆ. ಮಣ್ಣು ಒಣಗಿ ತನಗೆ ತೋಚಿದ ಹಾಗೆ ಬಿರಿಯುತ್ತದೆ. ಅದು ಹೇಗೆ ಬಿರಿಯಿತು ಎಂದು ದಿನಗಟ್ಟಲೆ ನೋಡುತ್ತ ಕೂಡುತ್ತಾರೆ. ಕರೆಂಟು ಹೋದರೆ ಬೇರೆ ಗಿರಣಿಯವರು ಬೈಯುತ್ತಾರೆ, ಇವರ ಮುಖ ಅರಳುತ್ತದೆ. ಜೋಳ ಬೀಸಿಸಲು ಬಂದವರು "ಇದು ಏನ್ರಿ ಮುತ್ತಣ್ಣಾರ?" ಎಂದು ಕೇಳಿದರೆ "ನಿಮಗ ಏನ ಕಂಡ್ರ ಅದು" ಎನ್ನುತ್ತಾರೆ. ಪಕ್ಕದ ಮನೆಯ ಕಾಶೀಂಬಿ ಒಮ್ಮೆ "ನಮ್ಮ ಎಮ್ಮಿ ಬೆನ್ನ ಇದ್ದಂಗ ಐತಿ" ಎಂದಿದ್ದಕ್ಕೆ ಸಂಜೆಯ ತನಕ ಖುಷಿಯಿಂದ ಓಡಾಡಿದರು. ಅವರು ಗದಗಿನ ಚಿತ್ರದ ಸಾಲೆಗೆ ಒಂದು ವರ್ಷ ಹೋಗಿದ್ದರು. ನಮ್ಮ ಮಾವ ತೀರಿಕೊಂಡ ಮೇಲೆ ಗಿರಣಿ ನೋಡಲು ಊರಿಗೆ ಬಂದರು. ಅದರ ಬಗ್ಗೆ ಒಂದು ದಿನವೂ ಗೊಣಗಿದ್ದನ್ನು ನಾನು ಕೇಳಿಲ್ಲ. ಗೊಣಗುವ ಕೆಲಸವನ್ನು ಮನೆಯಲ್ಲಿ ನಾನೇ ವಹಿಸಿಕೊಂಡಿದ್ದೇನೆ.

ಅಂಟಿನದೇ ನಮ್ಮಿಬ್ಬರ ದೊಡ್ಡ ಜಗಳ. ಮೈದಾ ಹಿಟ್ಟನ್ನು ಬೇವಿನೆಲೆ ಹಾಕಿ ಕುದಿಸಿ ಅಂಟು ಮಾಡುತ್ತಾರೆ, ಅದೂ ನನ್ನ ಅಡುಗೆ ಪಾತ್ರೆಯಲ್ಲಿ. ಬೇವು ಎಷ್ಟೇ ಕಹಿಯಿದ್ದರೂ ಇಲಿಗಳು ಬಿಡಬೇಕಲ್ಲ. ಅವರ ಚಿತ್ರಗಳನ್ನು ಇಲಿಗಳಷ್ಟು ಮೆಚ್ಚಿದವರು ಬೇರೆ ಯಾರೂ ಇರಲಿಲ್ಲ.

"ಅಂಗಡ್ಯಾಗಿನ ಗಟ್ಟಿ ಅಂಟ ತರ್ರಿ" ಎಂದು ನಾನು ಹೇಳಿ ಹೇಳಿ ಸಾಕಾದೆ.

"ಅದು ಒಮ್ಮೆ ಹಿಡೀತಂದ್ರ ಬಿಡಂಗಿಲ್ಲ ರಾಜೇಶ್ವರಿ. ನಾಳಿ ನನ್ನ ಮನಸ ಬದಲಾದ್ರ ಹ್ಯಾಂಗ?" ಇದೊಂದೇ ಉತ್ತರ.

ಹೋದ ವರ್ಷ ಅವರ ಗೆಳೆಯರೊಬ್ಬರು ಗಿರಣಿಯ ಹಿಂದಿನ ಕೋಣೆಯಲ್ಲಿದ್ದ ಒಂದು ದೊಡ್ಡ ಚಿತ್ರದ ಫೋಟೊ ತೆಗೆದು ಧಾರವಾಡದ ಕಲಾವಿದರ ಸಂಘವೊಂದಕ್ಕೆ ಕಳಿಸಿದರು. ಅಲ್ಲಿಂದ ಫೋನು ಬಂತು. ಪ್ರದರ್ಶನದಲ್ಲಿ ಆ ಚಿತ್ರಕ್ಕೆಂದೇ ಒಂದು ಗೋಡೆ ಬಿಡುತ್ತೇವೆ, ನಾಗರಪಂಚಮಿ ಮುಗಿದ ಮೇಲೆ ಗಾಡಿ ಕಳಿಸುತ್ತೇವೆ ಎಂದರು. ನನ್ನ ಗಂಡನ ವಯಸ್ಸು ಆಗ ಐವತ್ತು ದಾಟಿತ್ತು. ಅಲ್ಲಿಯವರೆಗೆ ಅವರ ಒಂದು ಚಿತ್ರವೂ ಊರಿನ ಗಡಿ ದಾಟಿರಲಿಲ್ಲ. ಆ ರಾತ್ರಿ ಊಟಕ್ಕೆ ಕೂತವರು ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಸುಮ್ಮನೆ ನಗುತ್ತಿದ್ದರು. ನನಗೂ ಭಾಳ ಹಿಗ್ಗಾಗಿತ್ತು. ತೋರಿಸಿಕೊಳ್ಳಲಿಲ್ಲ, ಅಷ್ಟೇ.

ಪಂಚಮಿ ದಿನ ಅವರ ಅಕ್ಕ ಶಂಕ್ರವ್ವ ಬಂದರು. ಅವರನ್ನು ಕೊಟ್ಟಿದ್ದು ನರಗುಂದ ತಾಲ್ಲೂಕಿನ ಕೊಣ್ಣೂರಿಗೆ. ಹಬ್ಬಕ್ಕೆ ತವರಿಗೆ ಬರುವುದನ್ನು ಒಂದು ವರ್ಷವೂ ತಪ್ಪಿಸಿದವರಲ್ಲ. ಈ ಸಲ ಅವರ ಮಗಳು ಪೂಜಾ ಚೊಚ್ಚಲ ಹೆರಿಗೆಗೆಂದು ಕೊಣ್ಣೂರಿಗೆ ಬಂದು ಕೂತಿದ್ದಳು, ಆದ್ದರಿಂದ ಸಂಜೆಗೇ ತಿರುಗಿ ಹೋಗುವವರಿದ್ದರು. ಉಂಡಿಯ ಡಬ್ಬಿ ನನ್ನ ಕೈಗಿಟ್ಟವರೇ ಕೇಳಿದರು: "ರಾಜೀ, ಅವ್ವನ ಕೌದಿ ತಗದ ಕೊಡು. ಪೂಜಾನ ಕೂಸಿಗೆ ಹಾಸಾಕ ಬೇಕು."

ಅವ್ವ ಎಂದರೆ ನಮ್ಮ ಅತ್ತೆ ಕಳಕವ್ವ. ಮನೆಮಂದಿಯ ಹಳೆಯ ಸೀರೆ, ಧೋತರ, ಮಕ್ಕಳ ಅಂಗಿ ಎಲ್ಲವನ್ನೂ ಕತ್ತರಿಸಿ, ಹೊಂದಿಸಿ ಅವರು ಹೊಲಿದ ಕೌದಿ ಅದು. ಈ ಮನೆಯ ಎಲ್ಲ ಕೂಸುಗಳೂ ಅದರ ಮೇಲೆಯೇ ಮಲಗಿ ದೊಡ್ಡವಾದವು. ನಾನು ಟ್ರಂಕು ತೆಗೆದೆ. ಕೌದಿ ಇರಲಿಲ್ಲ. ತಿರುಗಿ ನೋಡಿದರೆ ನನ್ನ ಗಂಡನ ಮುಖ ಬಿಳಿಚಿಕೊಂಡಿತ್ತು. ನನಗೆ ಆಗಲೇ ತಿಳಿಯಿತು.

ಅವರು ಅಕ್ಕನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋದರು. ಅಕ್ಕ ಆ ದೊಡ್ಡ ಚಿತ್ರವನ್ನು ನೋಡಿದರು. ಮೊದಲು ಅವರಿಗೆ ಅರ್ಥವಾಗಲಿಲ್ಲ. ಆಮೇಲೆ ಹತ್ತಿರ ಹೋಗಿ, ಮಣ್ಣಿನ ಬಿರುಕಿನಲ್ಲಿ ಇಣುಕುತ್ತಿದ್ದ ಹಸಿರು ಬಟ್ಟೆಯನ್ನು ಬೆರಳಿನಿಂದ ಮುಟ್ಟಿದರು.

"ಇದು ನಾ ಸಣ್ಣಾಕಿದ್ದಾಗ ಉಟ್ಟ ಪರಕಾರದ್ದು" ಎಂದರು.

"ಹೌದ ಅಕ್ಕಾ."

"ಕೌದಿ ಹರದ್ಯಾ?"

"ಹೊಲಿಗಿ ಬಿಚ್ಚೀನಿ. ಎಲ್ಲಾ ಅರಿವಿ ಇದರಾಗ ಅದಾವು."

ಅಕ್ಕ ಕೂಗಾಡಿದ್ದರೆ ಚಲೋ ಇತ್ತು. ಕೂಗಲಿಲ್ಲ. ಹೊರಗೆ ಬಂದು ಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. "ಅವ್ವಂದು ನನಗ ಅಂತ ಉಳದಿದ್ದು ಅದೊಂದ. ಇನ್ನ ನಾ ಈ ಮನಿಗೆ ಬರಂಗಿಲ್ಲ ಮುತ್ತಣ್ಣ." ಪಂಚಮಿಯ ದಿನ ಹೆಣ್ಣುಮಗಳು ಉಣ್ಣದೆ ತವರಿನ ಹೊಸ್ತಿಲು ಇಳಿಯುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಡನ ಮೇಲೆ ಎಂಥ ಸಿಟ್ಟು ಬಂತೆಂದರೆ, ಆಗ ಬಾಯಿ ತೆಗೆದಿದ್ದರೆ ಏನೇನು ಅನ್ನುತ್ತಿದ್ದೆನೋ.

"ಅಕ್ಕಾ, ಕುಂಡ್ರು. ಬಿಚ್ಚಿ ಕೊಡತೀನಿ" ಎಂದರು ಅವರು.

ಚಿತ್ರವನ್ನು ತಾವೇ ಇಳಿಸಿ, ಅಂಗಳಕ್ಕೆ ಎಳೆದು ತಂದು, ಹಾಸುಗಲ್ಲಿನ ಮೇಲೆ ಅಂಗಾತ ಮಲಗಿಸಿದರು. ಬಕೆಟ್ಟಿನಲ್ಲಿ ನೀರು ತಂದರು. ಆಗ ಅಡ್ಡ ಹೋಗಿ ನಿಂತವಳು ಯಾರು ಗೊತ್ತೇ? ನಾನೇ. ಈ ಕಸ ಮನೆ ತುಂಬಿತೆಂದು ವರ್ಷಗಟ್ಟಲೆ ವಟಗುಟ್ಟಿದ ನಾನೇ.

"ರೀ, ಬ್ಯಾಡ್ರಿ. ಧಾರವಾಡದಿಂದ ಗಾಡಿ ಬರೋದೈತಿ. ಅಕ್ಕಾರಿಗೆ ಬ್ಯಾರೆ ಕೌದಿ ಹೊಲದ ಕೊಡೂಣು."

"ಬ್ಯಾರೆ ಕೌದಿಯೊಳಗ ಅವ್ವನ ಸೀರಿ ಎಲ್ಲಿಂದ ಬರತೈತಿ? ನೀ ಬಾಜೂಕ ಸರಿ. ಹಿಟ್ಟಿನ ಅಂಟು, ನೀರಿಗೆ ಬಿಡತೈತಿ."

ನೀರು ಸುರಿದರು. ಮೊದಲು ಮಣ್ಣು ಕರಗಿ ಕಪ್ಪಗೆ ಹರಿಯಿತು. ಆಮೇಲೆ ನೂಲು ತೇಲಿತು. ತಿಂಗಳುಗಟ್ಟಲೆ ಮಾಡಿದ್ದು ಕಣ್ಣೆದುರೇ ಹೋಗುತ್ತಿತ್ತು. ನನಗೆ ಅಳು ಬಂತು. ಅವರು ಮಾತ್ರ ಕುಕ್ಕರಗಾಲಲ್ಲಿ ಕೂತು, ಒಂದೊಂದೇ ತುಂಡನ್ನು ಎಳೆ ಕೂಸನ್ನು ಎತ್ತುವ ಹಾಗೆ ಎತ್ತುತ್ತಿದ್ದರು. ಶಂಕ್ರವ್ವ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಚೀಲ ಕೆಳಗಿಟ್ಟರು, ಸೆರಗು ಸಿಕ್ಕಿಸಿ ತಮ್ಮನ ಎದುರಿಗೆ ಬಂದು ಕೂತರು.

ಬಟ್ಟೆಗಳನ್ನು ಒಗೆದು ಹಾಕುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಎರೆಮಣ್ಣಿನ ಕಲೆ ಅಲ್ಲಲ್ಲಿ ಉಳಿದೇ ಉಳಿಯಿತು. ಒಣಗಿದ ಮೇಲೆ ಹಳೆಯ ಧೋತರ ಹಾಸಿ, ಅದರ ಮೇಲೆ ನನ್ನ ಗಂಡ ತುಂಡುಗಳನ್ನು ಅವ್ವ ಹೊಲಿದಿದ್ದ ಕ್ರಮದಲ್ಲೇ ಸಾಲಾಗಿ ಇಟ್ಟರು. ಕೌದಿ ಹೊಲಿಯುವುದರಲ್ಲಿ ಕಾಶೀಂಬಿಯ ಕೈ ನಮಗಿಂತ ಚುರುಕು, ಅವಳನ್ನೂ ಕರೆದಿದ್ದೆ. ಅವಳು ಸೂಜಿಗೆ ದಾರ ಪೋಣಿಸಿ ಕಾಯುತ್ತಿದ್ದಳು. ಶಂಕ್ರವ್ವ ಹೂಂ ಅನ್ನಲೊಲ್ಲರು. ನೋಡುತ್ತಲೇ ಇದ್ದರು.

"ಯಾಕ ಅಕ್ಕಾ, ಹಿಂಗ ಇತ್ತಲ್ಲ?"

"ಇತ್ತು. ಆದ್ರ ನಿನ್ನ ಚಿತ್ರದಾಗ ನನ್ನ ಪರಕಾರ ಅವ್ವನ ನೀಲಿ ಸೀರಿ ಬಾಜೂಕ ಇತ್ತು. ಇದರಾಗ ಆ ತುದಿಗೆ ಹೋಗೇತಿ."

"ಅವ್ವ ಅಲ್ಲೆ ಹಚ್ಚಿದ್ಲು. ನಾನ ಬಾಜೂಕ ಇಟ್ಟಿದ್ದೆ."

"ಯಾಕ?"

ಅವರು ನೆಲ ನೋಡುತ್ತ ಹೇಳಿದರು: "ನೀ ಲಗ್ನ ಆಗಿ ಹೋದ ಮ್ಯಾಲೆ ಅವ್ವ ಭಾಳ ದಿನ ನಿನ್ನ ಹೆಸರ ಹಿಡದ ಕರೀತಿದ್ಲು. ಅದಕ್ಕ."

ಶಂಕ್ರವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ಹಂಗಾರ ನೀ ಇಟ್ಟಂಗ ಇಡು. ಎಲ್ಲಾನೂ" ಎಂದರು. ತುಂಡುಗಳೆಲ್ಲ ಮತ್ತೆ ಚಿತ್ರದಲ್ಲಿದ್ದ ಹಾಗೆ ಸೊಟ್ಟ ಸೊಟ್ಟಾಗಿ ಕೂತವು. ಕಾಶೀಂಬಿ "ಇದಕ್ಕ ಹೊಲಿಗಿ ಹಾಕೂದರಾಗ ನನ್ನ ಸೊಂಟ ಹೋಗತೈತಿ" ಎಂದು ಬೈಯುತ್ತಲೇ ಮೊದಲ ಎಳೆ ಎಳೆದಳು. ಆ ಸಂಜೆ ಶಂಕ್ರವ್ವ ಉಂಡೇ ಹೋದರು. ಕೌದಿಯನ್ನು ನಾವು ಮುಗಿಸಿ ಕಳಿಸಿದೆವು.

ಧಾರವಾಡದವರಿಗೆ ಇವರೇ ಫೋನು ಮಾಡಿದರು. ಆ ಕಡೆಯವರು ಚಿತ್ರ ಎಲ್ಲಿ ಹೋಯಿತೆಂದು ಕೇಳಿರಬೇಕು. "ಹಾಸಾಕ ಕೊಟ್ಟೇನ್ರಿ" ಎಂದರು ಇವರು. ಬೇರೆ ಚಿತ್ರಗಳೆಲ್ಲ ಸಣ್ಣವು, ಆ ಗೋಡೆಗೆ ಹೊಂದುವುದಿಲ್ಲ, ಈ ಸಲಕ್ಕೆ ಬಿಡೋಣ ಎಂದು ಆ ಕಡೆಯವರು ಫೋನಿಟ್ಟರು. ನಾನು ಎರಡು ದಿನ ಮುಖ ಊದಿಸಿಕೊಂಡಿದ್ದೆ. ಇವರು ಮರುದಿನವೇ ಹೊಲಕ್ಕೆ ಹೋಗಿ ಒಂದು ಬುಟ್ಟಿ ಮಣ್ಣು ತಂದರು.

ಪೂಜಾಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಕೊಣ್ಣೂರಿಗೆ ಹೋದೆವು. ಪಡಸಾಲೆಯಲ್ಲಿ ಕೌದಿ ಹಾಸಿ ಕೂಸನ್ನು ಮಲಗಿಸಿದ್ದರು. ಬಂದ ಹೆಂಗಸರು ಕೂಸನ್ನು ನೋಡಿದಷ್ಟೇ ಹೊತ್ತು ಕೌದಿಯನ್ನೂ ನೋಡುತ್ತಿದ್ದರು. ಇವರು ಗೋಡೆಗೆ ಆತು ಕೂತಿದ್ದರು. ಕೂಸು ಕೌದಿಯನ್ನು ಚೆನ್ನಾಗಿ ತೋಯಿಸಿತು. ಇವರು ಅದಕ್ಕೂ ನಕ್ಕರು.

ಒಬ್ಬ ಮುದುಕಿ ಬಗ್ಗಿ ನೋಡಿ, "ಇಂಥಾ ಕೌದಿ ನಾ ಎಲ್ಲೂ ನೋಡಿಲ್ಲ ಶಂಕ್ರವ್ವ. ನಿಮ್ಮವ್ವ ಹೊಲದದ್ದೇನ?" ಎಂದಳು. ನಾನು ಹೌದೆಂದು ಹೇಳಲು ಬಾಯಿ ತೆರೆದಿದ್ದೆ.

"ಅಲ್ಲಬೇ" ಎಂದರು ಶಂಕ್ರವ್ವ. "ನನ್ನ ತಮ್ಮ ಮಾಡ್ಯಾನ. ಅಂವ ಚಿತ್ರ ಮಾಡತಾನ."

ಊಟಕ್ಕೆ ಕೂತಾಗ ಇವರು ಹೋಳಿಗೆ ಮೇಲೆ ಹೋಳಿಗೆ ಹಾಕಿಸಿಕೊಂಡು ಉಂಡರು. ಇವರಿಗೆ ಶುಗರ್ ಇದೆ ಎಂದು ಅವತ್ತು ನಾನೂ ನೆನಪು ಮಾಡಲಿಲ್ಲ.