ನಿಂಬೆಗೆ ಬೇಕಾದಷ್ಟೇ ಚಳಿ

ಗುಂಡ್ಲುಪೇಟೆ ಹೊರಗಿನ ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣು, ತರಕಾರಿ ನೋಡಿಕೊಳ್ಳುವುದು ನನ್ನ ಕೆಲಸ. ನನ್ನನ್ನು ಸುಸ್ತು ಮಾಡುವುದು ಹಣ್ಣಲ್ಲ, ಅದರ ಮಾಲೀಕರು. ನಿಂಬೆಯನ್ನು ತೀರಾ ತಣ್ಣಗೆ ಇಟ್ಟರೆ ಸಿಪ್ಪೆಯಲ್ಲಿ ಗುಳಿ ಬಿದ್ದು ಕಂದು ಕಲೆಯಾಗುತ್ತದೆ. ಒಳಗಿರುವಾಗ ಆ ಕಲೆ ಅಷ್ಟಾಗಿ ಕಾಣುವುದಿಲ್ಲ, ಹೊರಗೆ ತಂದ ಮೇಲೆ ಮೇಲೇಳುತ್ತದೆ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ.

ಈ ಸಲ ಚಳಿಗಾಲದ ಕೊನೆಗೆ ತೆರಕಣಾಂಬಿಯ ವ್ಯಾಪಾರಿಯೊಬ್ಬರು ತಮ್ಮ ನಿಂಬೆ ಇಟ್ಟ ಕೋಣೆಗೆ ಬಂದು, ಅಂಗಿಯ ತೋಳು ಮಡಿಸಿ ನಿಂತರು.

"ಏನವ್ವಾ ಇದು, ನಮ್ಮ ಹಟ್ಟಿ ನಡುಮನೆನೇ ಇದಕ್ಕಿಂತ ತಣ್ಣಗದೆ! ಕರೆಂಟ್ ಉಳಿಸ್ತಿದ್ದೀರಾ?"

"ಯಜಮಾನ್ರೇ, ನಿಂಬೆಗೆ ಇಷ್ಟೇ ಸಾಕು. ಜಾಸ್ತಿ ಮಾಡುದ್ರೆ ಸಿಪ್ಪೆ ಕೆಡ್ತದೆ."

ಅವರು ಕೇಳಲಿಲ್ಲ. ವಾದಿಸಲು ನನಗೂ ತ್ರಾಣವಿರಲಿಲ್ಲ. ಇದಕ್ಕಿಂತ ತುಂಬಾ ತಣ್ಣಗಿರುವ ಪಕ್ಕದ ಬೀಟ್ರೂಟ್ ಕೋಣೆಗೆ ಕರೆದುಕೊಂಡು ಹೋಗಿ, ಮಳೆ ಬೆಳೆ ಅಂತ ಮಾತಾಡಿಸುತ್ತ ನಿಲ್ಲಿಸಿಕೊಂಡೆ. ಹಲ್ಲು ಕಟಕಟ ಎನ್ನತೊಡಗಿದ ಮೇಲೆ ಅವರ ಮುಖ ಅರಳಿತು.

"ಹಾಂ, ಹಿಂಗಿರ್ಬೇಕು! ನಮ್ ನಿಂಬೆನೂ ಹಿಂಗೇ ಇಡು."

ಆಯ್ತು ಎಂದು ತಲೆಯಾಡಿಸಿದೆ. ನಿಂಬೆ ಕೋಣೆಯ ಚಳಿ ಹೆಚ್ಚಿಸುವ ಗುಂಡಿಯನ್ನು ಮಾತ್ರ ಮುಟ್ಟಲಿಲ್ಲ.

ಬೇಸಿಗೆಯಲ್ಲಿ ಹಣ್ಣು ಹೊರಗೆ ಬಂತು. ದಿನ ಕಳೆದರೂ ಸಿಪ್ಪೆಯ ಮೇಲೆ ಒಂದು ಚುಕ್ಕೆಯಿಲ್ಲ. ವ್ಯಾಪಾರಿ ಒಂದು ನಿಂಬೆಯನ್ನು ಮೂಗಿಗೆ ಹಿಡಿದು, ಲಾರಿ ತುಂಬುತ್ತಿದ್ದವರಿಗೆಲ್ಲ ಕೇಳುವಂತೆ ನನಗೆ ಹೇಳಿದರು:

"ನೋಡ್ದಾ ಕಣವ್ವಾ, ಅವತ್ತು ನಾನು ಬಂದು ಬೈಯ್ದೇ ಇದ್ದಿದ್ರೆ ನೀನು ಎಲ್ಲಾನೂ ಕೆಡಿಸ್ಬುಡ್ತಿದ್ದೆ!"