ವೈನಿ ಹಾಕಿಕೊಟ್ಟ ನಲವತ್ತು ದಿನದ ದಾರಿ

ಬೆನ್ನಿಗೊಂದು ಚೀಲ ಹಾಕಿಕೊಂಡು ಪರದೇಶವೊಂದನ್ನು ಈ ತುದಿಯಿಂದ ಆ ತುದಿಯವರೆಗೆ ನಲವತ್ತು ದಿನ ಸುತ್ತಬೇಕು, ಸುತ್ತಿದರೆ ನಮ್ಮ ವೈನಿಯ ಜೊತೆಗೇ ಸುತ್ತಬೇಕು ಎಂದು ನಾನು ಹಟ ಹಿಡಿದದ್ದು ಚಿಕ್ಕೋಡಿ ಕೋರ್ಟಿನ ನೌಕರಿಯಿಂದ ನಿವೃತ್ತಳಾದ ವಾರವೇ. ಒಬ್ಬಳೇ ಹೋಗಲು ಹೆದರಿಕೆಯೇನಿರಲಿಲ್ಲ. ಮೂವತ್ತೈದು ವರ್ಷ ವಕೀಲರನ್ನು ಗದರಿಸಿ ಸಾಲಿನಲ್ಲಿ ನಿಲ್ಲಿಸಿದವಳು ನಾನು, ಯಾವ ದೇಶದ ಜನ ನನ್ನನ್ನು ಏನು ಮಾಡಿಯಾರು? ಆದರೆ ಏನನ್ನೇ ನೋಡಲಿ, ಅದನ್ನು ವೈನಿಗೆ ಹೇಳುವವರೆಗೆ ನೋಡಿದಂತೆಯೇ ಆಗದ ಚಾಳಿಯೊಂದು ಚಿಕ್ಕಂದಿನಿಂದ ನನಗೆ ಅಂಟಿಕೊಂಡಿದೆ. ನೋಡುವಾಗಲೇ ಅವಳು ಪಕ್ಕದಲ್ಲಿದ್ದರೆ ಹೇಳುವ ಕೆಲಸವೂ ತಪ್ಪುತ್ತದೆ ಎಂಬುದು ನನ್ನ ಲೆಕ್ಕಾಚಾರ.

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ. ಬೇಡಕಿಹಾಳದ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅವಳಿಗೆ ಹತ್ತೊಂಬತ್ತು, ನನಗೆ ಹನ್ನೆರಡು. ಅಣ್ಣನ ಹೆಂಡತಿಯನ್ನು ‘ನೀವು’ ಎನ್ನಬೇಕು ಎಂದು ಅವ್ವ ನನಗೆ ಎಷ್ಟು ಬೈದರೂ ನಾನು ಮೊದಲ ದಿನವೇ ‘ನೀ’ ಅಂದೆ, ಅದೇ ಗಟ್ಟಿಯಾಯಿತು. ಗಡಿಯಾಚೆಯ ಶಿರೋಳದ ಕಡೆಯವಳು, ಮರಾಠಿ ಶಾಲೆಯಲ್ಲಿ ಓದಿದವಳು. ಅವಳ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಮರಾಠಿಯ ಒಂದು ನಕಾಶೆ ಪುಸ್ತಕ ಇತ್ತು. ಮಧ್ಯಾಹ್ನ ಅವ್ವ ಮಲಗಿದ ಮೇಲೆ ಅಟ್ಟದ ಮೆಟ್ಟಿಲ ಮೇಲೆ ಕುಳಿತು ಅದನ್ನು ಬಿಚ್ಚುತ್ತಿದ್ದೆವು. ಒಬ್ಬರು ಬೆರಳಿಟ್ಟು ಒಂದು ದೇಶದಲ್ಲಿ ದಾರಿ ಹಿಡಿಯಬೇಕು, ಇನ್ನೊಬ್ಬರು ಅಲ್ಲಲ್ಲಿ ತಡೆದು ಪ್ರಶ್ನೆ ಕೇಳಬೇಕು. ನಾನು “ಇಲ್ಲಿ ಏನ ತಿಂತಿ?” ಎಂದು ಕೇಳಿದರೆ ಅವಳು, “ನದಿ ಐತೆಲ್ಲ, ಕಬ್ಬು ಇರ್ತೈತಿ ತಗೋ,” ಅನ್ನುತ್ತಿದ್ದಳು. ಅವಳ ಪ್ರಕಾರ ನದಿ ಇದ್ದಲ್ಲೆಲ್ಲ ಕಬ್ಬು. ಸೈಬೀರಿಯಾದಲ್ಲೂ ನಾವಿಬ್ಬರು ಕಬ್ಬು ತಿಂದಿದ್ದೇವೆ.

ನಿಜವಾದ ಪ್ರಯಾಣಗಳೂ ಇದ್ದವು. ಅಮಾವಾಸ್ಯೆಗೆ ಸ್ತವನಿಧಿಯ ಬಸದಿಗೆ ಹೋಗುವಾಗ ನಿಪ್ಪಾಣಿಯಲ್ಲಿ ಇಳಿದರೆ ಸಾಕು, ತಂಬಾಕಿನ ಘಾಟಿಗೆ ನಾನು ಸೀನಲು ಸುರು ಮಾಡುತ್ತಿದ್ದೆ. ವೈನಿ ಸೆರಗಿನ ತುದಿ ನನ್ನ ಮೂಗಿಗೆ ಕೊಟ್ಟು, ಬುತ್ತಿಯ ಗಂಟು ತಾನು ಹೊತ್ತು ಮುಂದೆ ನಡೆಯುತ್ತಿದ್ದಳು. ಒಮ್ಮೆ ನಮ್ಮೂರ ಜೈನರೆಲ್ಲ ಸೇರಿ ದೂರದ ಸಮ್ಮೇದ ಶಿಖರಜಿಗೆ ಹೋದೆವು. ನಸುಕಿನಲ್ಲಿ ಬೆಟ್ಟ ಹತ್ತಿ, ತೀರ್ಥಂಕರರ ಪಾದಗಳಿರುವ ಎಲ್ಲ ಟೋಂಕುಗಳಿಗೆ ನಮಸ್ಕರಿಸಿ, ಇಳಿದು ಬರುವವರೆಗೆ ಅವಳು ಬರಿಗಾಲಲ್ಲಿ, ಒಂದು ಹನಿ ನೀರೂ ಇಲ್ಲದೆ ನಡೆದಳು. ನಾನು ಅರ್ಧ ದಾರಿಯಲ್ಲೇ ಡೋಲಿಯವರ ಹತ್ತಿರ ಚೌಕಾಸಿಗೆ ನಿಂತಿದ್ದೆ. ಇಂಥ ಕಾಲುಳ್ಳವಳು ಬೇಡಕಿಹಾಳದ ಹಿತ್ತಲಿಗೂ ಬಸದಿಗೂ ನಡೆದೇ ಸವೆಯಬಾರದು ಎಂದು ಆಗಲೇ ನನಗೆ ಅನಿಸಿತ್ತು. ಅನಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ.

ದೇಶ ಆರಿಸಿದವಳು ನಾನು. ವಿಯೆಟ್ನಾಂ. ನಕಾಶೆಯಲ್ಲಿ ಅದು ನುಗ್ಗೆಕಾಯಿಯಂತೆ ಉದ್ದಕ್ಕೆ ಇಳಿಬಿದ್ದಿದೆ, ದಾರಿ ತಪ್ಪುವುದೂ ಕಷ್ಟ. ಮೇಲಿನಿಂದ ಹೊರಟು ಕೆಳಗೆ ಇಳಿಯುತ್ತ ಹೋಗುವುದು, ರೈಲೂ ಇದೆ. ವೈನಿ ಕನ್ನಡಕ ಏರಿಸಿ ಮೊಬೈಲಿನ ನಕಾಶೆಯನ್ನು ಬಹಳ ಹೊತ್ತು ನೋಡಿ, “ಛಲೋ ಐತಿ,” ಎಂದಳು. ಆಮೇಲೆ ಒಳಗೆ ಹೋಗಿ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಳು.

ಅಲ್ಲಿಂದ ಐದು ತಿಂಗಳು, ಪ್ರತಿ ರವಿವಾರ ನಾನು ಚಿಕ್ಕೋಡಿಯಿಂದ ಬೆಳಗಿನ ಬಸ್ಸು ಹಿಡಿದು ಬರುವುದು, ಇಬ್ಬರೂ ಪಡಸಾಲೆಯ ಕಟ್ಟೆಯ ಮೇಲೆ ನೋಟ್‌ಬುಕ್ ಹರವಿಕೊಂಡು ಕೂಡುವುದು. ಎಡ ಪುಟದಲ್ಲಿ ನನ್ನ ಕನ್ನಡ, ಬಲ ಪುಟದಲ್ಲಿ ಅವಳ ಮರಾಠಿ. ನಾನು ಊರು, ರೈಲು, ಉಳಿಯುವ ಜಾಗ ಬರೆದರೆ ಅವಳು ಊಟ, ನೀರು, ಔಷಧ ಬರೆಯುತ್ತಿದ್ದಳು. ಹನೋಯ್‌ನಲ್ಲಿ ಐದು ದಿನ, ಆಮೇಲೆ ಗುಡ್ಡದ ಊರುಗಳು, ಅಲ್ಲಿಂದ ಸಮುದ್ರದ ದಂಡೆ ಹಿಡಿದು ಸೈಗಾನಿನವರೆಗೆ. ಅಲ್ಲಿನವರು ಎಲ್ಲದಕ್ಕೂ ಮೀನಿನ ರಸ ಸುರಿಯುತ್ತಾರೆ ಎಂದು ತಿಳಿದಾಗ ನನ್ನ ಮುಖ ಸಣ್ಣದಾಯಿತು. ಎರಡು ವಾರ ಹುಡುಕಿ, ಬೌದ್ಧರ ಊಟದ ಮನೆಗಳಿವೆ, ಅಲ್ಲಿ ಉಳ್ಳಾಗಡ್ಡಿ ಬೆಳ್ಳುಳ್ಳಿಯೂ ಹಾಕುವುದಿಲ್ಲ ಎಂದು ಕಂಡುಹಿಡಿದೆ. ವೈನಿಗೆ ಹೇಳಿದರೆ, ಅಲ್ಲಿ ನೆಂಟರೇ ಸಿಕ್ಕಂತೆ ಖುಷಿಪಟ್ಟಳು.

ಆದರೆ ಅವಳ ಜೊತೆ ಪ್ರವಾಸದ ಯೋಜನೆ ಹಾಕುವುದೆಂದರೆ ತಾಳ್ಮೆ ಬೇಕು, ನನ್ನಲ್ಲಿ ಅದೇ ಇಲ್ಲ. ಹೊತ್ತು ಮುಳುಗಿದ ಮೇಲೆ ಅವಳು ಉಣ್ಣುವುದಿಲ್ಲ. ಆದ್ದರಿಂದ ಪ್ರತಿ ಊರಿನ ಮುಂದೆ ಸೂರ್ಯ ಮುಳುಗುವ ವೇಳೆಗೊಂದು ಖಾನೆ ಎಳೆದಳು. ಜನವರಿಯಲ್ಲಿ ಹನೋಯ್‌ನಲ್ಲಿ ನಮ್ಮೂರಿಗಿಂತ ಬೇಗ, ಐದೂವರೆಗೆಲ್ಲ ಹೊತ್ತು ಮುಳುಗುತ್ತದೆ ಎಂದು ಗೊತ್ತಾದಾಗ ಅಲ್ಲಿಯ ರೈಲುಗಳನ್ನೆಲ್ಲ ಬದಲಿಸಬೇಕಾಯಿತು. ಇದರ ಮೇಲೆ ಹಿಟ್ಟಿನ ಮರ್ಯಾದೆ, ಅಂದರೆ ಹಿಟ್ಟು ಬಳಸುವ ದಿನಗಳ ಮಿತಿ ಬೇರೆ. ನಮ್ಮಲ್ಲಿ ಕಟ್ಟುನಿಟ್ಟಿನವರು ಬೀಸಿದ ಹಿಟ್ಟನ್ನು ಮಳೆಗಾಲದಲ್ಲಿ ಮೂರು ದಿನ, ಬೇಸಿಗೆಯಲ್ಲಿ ಐದು, ಚಳಿಗಾಲದಲ್ಲಿ ಏಳು ದಿನ ಮಾತ್ರ ಬಳಸುತ್ತಾರೆ. ನಲವತ್ತು ದಿನಕ್ಕೆ ಹಿಟ್ಟು ಒಯ್ಯುವುದು ಹೇಗೆ?

“ಹನೋಯ್‌ದಾಗ ಥಂಡಿ ಇರ್ತೈತಿ, ಅಲ್ಲಿ ಏಳ ದಿನ ನಡೀತೈತಿ,” ಎಂದಳು. “ಸೈಗಾನ್‌ದಾಗ ಶೆಕಿ ಅಂತಿ, ಅಲ್ಲಿ ಐದ. ಪುಠಾಣಿ ಕಾಳ ಇದ್ದಂಗ ಒಯ್ಯೂಣು. ಬೇಕಾದಾಗ ಬೀಸಕೊಂಡ್ರಾತು.”

“ದೇಶ ನೋಡಾಕ ಹೊಂಟೇವೋ, ಹಿಟ್ಟು ಬೀಸಾಕೋ?” ನಾನು ನೋಟ್‌ಬುಕ್ ಮುಚ್ಚಿ ಎಸೆದೆ. ಅವಳು ನಗುತ್ತ ಅದನ್ನು ಎತ್ತಿ ತಂದು, ಬೀಸುವ ದಿನಗಳಿಗೆ ಒಂದೊಂದು ಚುಕ್ಕೆ ಇಟ್ಟಳು.

ಕೊಲ್ಹಾಪುರಕ್ಕೆ ಹೋಗಿ ಎರಡು ಚೀಲ ತಂದೆ, ಬೆನ್ನಿಗೆ ಹಾಕಿ ಸೊಂಟಕ್ಕೆ ಪಟ್ಟಿ ಬಿಗಿಯುವಂಥವು. ಭಾರಕ್ಕೆ ಒಗ್ಗಬೇಕಲ್ಲ ಎಂದು ಎರಡರಲ್ಲೂ ಎಂಟೆಂಟು ಕಿಲೋ ಜೋಳ ತುಂಬಿ, ಕಾಲುವೆಯ ದಾರಿಯಲ್ಲಿ ಮುಂಜಾನೆ ನಡೆದೆವು. ಅಣ್ಣ ಬಾಗಿಲಲ್ಲೇ ನಿಂತು, “ಗಿರಣಿ ಈ ಕಡೆ ಐತ್ರವಾ, ಆ ಕಡೆ ಎಲ್ಲಿ ಹೊಂಟ್ರಿ?” ಎಂದು ಕಾಡಿಸಿದ. ನಾನು ಎರಡು ಫರ್ಲಾಂಗಿಗೇ ಏದುಸಿರು ಬಿಟ್ಟೆ. ಅರವತ್ತೇಳರ ವೈನಿ, ಇಳಕಲ್ ಸೀರೆಯ ಮೇಲೆ ಆ ಚೀಲ ಬಿಗಿದುಕೊಂಡು, ಹೊಲಕ್ಕೆ ಬುತ್ತಿ ಒಯ್ಯುವವಳ ಹಾಗೆ ಸರಾಗವಾಗಿ ನಡೆದಳು. ಅವಳ ಹಿಂದೆ ನಡೆಯುತ್ತ ನನಗೆ ಮತ್ತೆ ಹನ್ನೆರಡು ವರ್ಷವಾಯಿತು. ಅಷ್ಟು ಸುಖವಾದ ಬೆಳಗುಗಳು ನನ್ನ ನೌಕರಿಯ ಅಷ್ಟೂ ವರ್ಷಗಳಲ್ಲಿ ಸಿಕ್ಕಿರಲಿಲ್ಲ.

ಉಳಿದದ್ದು ಅವಳ ಪಾಸ್‌ಪೋರ್ಟ್ ಒಂದೇ. ನನ್ನದು ಆಗಲೇ ಬಂದಿತ್ತು. ಅವಳ ಫೋಟೋ ತೆಗೆಸಬೇಕೆಂದರೆ ಒಂದು ವಾರ ಅಷ್ಟಮಿಯ ಉಪವಾಸ, ಇನ್ನೊಂದು ವಾರ ಚತುರ್ದಶಿಯದು, ಮತ್ತೊಂದು ವಾರ ಕಣ್ಣಿನ ರೆಪ್ಪೆಯ ಮೇಲೆ ಕುರು. ನಾನೇ ರೇಗಿ, ಫೋಟೋ ಅಲ್ಲೇ ತೆಗೆಯುತ್ತಾರೆ ಎಂದು ಅರ್ಜಿ ತುಂಬಿ, ಬೆಳಗಾವಿಯಲ್ಲಿ ಅವಳು ಖುದ್ದು ಹಾಜರಾಗುವ ದಿನವನ್ನೂ ಗೊತ್ತು ಮಾಡಿಸಿದೆ. ಆ ಮುಂಜಾನೆ ಬೇಡಕಿಹಾಳಕ್ಕೆ ಬಂದು ನೋಡಿದರೆ ಅವಳು ಮನೆಯ ಸೀರೆಯಲ್ಲೇ ಕುಳಿತು ಮೊರದಲ್ಲಿ ಗೋಧಿ ಹಸನು ಮಾಡುತ್ತಿದ್ದಳು.

“ಏಳ ವೈನಿ, ಬಸ್ ತಪ್ಪತೈತಿ.”

“ನನಗ ಬರಾಕ ಆಗೂದಿಲ್ಲ,” ಎಂದಳು ಕೈ ನಿಲ್ಲಿಸದೆ. “ದಿಗ್ವ್ರತ ತಗೊಂಡೇನಿ. ಹನ್ನೊಂದ ವರ್ಷಾತು.”

ದಿಗ್ವ್ರತ ಅಂದರೆ ನಮ್ಮ ಜೈನರಲ್ಲಿ ಸಂಸಾರಸ್ಥರು ತಾವಾಗಿ ಹಾಕಿಕೊಳ್ಳುವ ಗಡಿ. ಈ ದಿಕ್ಕಿನಲ್ಲಿ ಇಲ್ಲಿಯವರೆಗೆ, ಆ ದಿಕ್ಕಿನಲ್ಲಿ ಅಲ್ಲಿಯವರೆಗೆ, ಅದರಾಚೆ ಜೀವ ಇರುವ ತನಕ ಕಾಲಿಡುವುದಿಲ್ಲ ಎಂದು ಮುನಿಗಳ ಮುಂದೆ ಒಪ್ಪಿಕೊಳ್ಳುವುದು. ಹನ್ನೊಂದು ವರ್ಷದ ಹಿಂದೆ ಊರಿನಲ್ಲಿ ಮುನಿಗಳ ಚಾತುರ್ಮಾಸ ನಡೆದಿತ್ತು. ಆಗ ಎಷ್ಟೋ ಜನ ಈ ವ್ರತ ತೆಗೆದುಕೊಂಡಿದ್ದರು, ಅವರಲ್ಲಿ ವೈನಿಯೂ ಇದ್ದಳೆಂದು ನನಗೆ ಗೊತ್ತಿರಲಿಲ್ಲ. ಜಾಣರು ಗಡಿಯನ್ನು ದೂರ ದೂರ ಹೇಳುತ್ತಾರೆ. ದ್ರಾಕ್ಷಿ ರಫ್ತು ಮಾಡುವ ನಮ್ಮ ಕಾಕಾ ಒಬ್ಬರು ಪಶ್ಚಿಮಕ್ಕೆ ಅಮೆರಿಕ, ಪೂರ್ವಕ್ಕೆ ಜಪಾನು ಎಂದು ಹೇಳಿ ಕೈಮುಗಿದು ಎದ್ದು ಬಂದಿದ್ದರು. ವೈನಿ ಹೇಳಿದ್ದು ಪೂರ್ವಕ್ಕೆ ಶಿಖರಜಿ, ಪಶ್ಚಿಮಕ್ಕೆ ಗಿರನಾರ, ಉತ್ತರಕ್ಕೆ ಹಸ್ತಿನಾಪುರ, ದಕ್ಷಿಣಕ್ಕೆ ಬೆಳಗೊಳ.

ನನಗೆ ಸಿಟ್ಟು ನೆತ್ತಿಗೇರಿತು. ಕೋರ್ಟಿನಲ್ಲಿ ಕಲಿತ ಬುದ್ಧಿಯನ್ನೆಲ್ಲ ಅಲ್ಲೇ ಸುರಿದೆ. ದುಡ್ಡು ಗಳಿಸಲು ಹೋಗುವುದಕ್ಕೆ ಆ ಗಡಿ, ನೋಡಿ ಬರುವುದಕ್ಕಲ್ಲ ಎಂದೆ. ಮುನಿಗಳನ್ನೇ ಕೇಳೋಣ ಎಂದೆ. ವಿಮಾನದಲ್ಲಿ ಹೋದರೆ ಕಾಲು ನೆಲಕ್ಕೇ ತಾಗುವುದಿಲ್ಲವಲ್ಲ ಎಂದೂ ವಾದಿಸಿದೆ.

“ಮ್ಯಾಲಿಂದೂ ಗಡಿ ಹೇಳಬೇಕಾಗ್ತೈತಿ,” ಎಂದಳು ವೈನಿ ಗಂಭೀರವಾಗಿ. “ಶಿಖರಜಿ ಬೆಟ್ಟದಷ್ಟ ಎತ್ತರ ಅಂದೇನಿ. ವಿಮಾನ ಅದಕಿಂತ ಮ್ಯಾಲ ಹಾರತೈತಿ.”

ಅಣ್ಣ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡಿದ್ದ. ಅವನಿಗೂ ಎಲ್ಲ ಗೊತ್ತಿತ್ತು.

“ಹಂಗಾದ್ರ ಐದ ತಿಂಗಳ ನನ್ನ ಜೋಡಿ ಕೂತ ಏನ ನಾಟಕ ಮಾಡಿದಿ? ಹೊತ್ತು ಮುಳುಗೂ ಖಾನೆ ಯಾರ ಸಲುವಾಗಿ?”

“ನಾಟಕ ಅಲ್ಲ. ನಾ ಜೋಡಿ ಇರದಿದ್ರ ನೀ ಅರ್ಧಕ್ಕ ಬಿಡ್ತಿದ್ದಿ. ನಿನ್ನ ಸ್ವಭಾವ ನನಗ ಗೊತ್ತಿಲ್ಲೇನ?” ಮೊರವನ್ನು ಪಕ್ಕಕ್ಕಿಟ್ಟಳು. “ಖಾನೆ ಮಾತ್ರ ನನ್ನ ಸಲುವಾಗಿನ ಹಾಕಿದೆ. ಮನಸಿನ್ಯಾಗ ಅಷ್ಟು ದೂರ ಹೋದದ್ದೂ ತಪ್ಪ. ಅದಕ್ಕ ಪ್ರತಿ ಸೋಮವಾರ ತುಪ್ಪ ಬಿಟ್ಟೇನಿ.”

ಅಷ್ಟಾದರೂ ಸೋಲು ಒಪ್ಪುವವಳಲ್ಲ ನಾನು. “ಅಂಥಾ ವ್ರತ ತಗೊಳ್ಳೂ ಮುಂದ ಒಂದ ಮಾತ ನನ್ನ ಕೇಳಬೇಕಿತ್ತು,” ಎಂದೆ.

“ಕೇಳಿದ್ನೆಲ್ಲ,” ಎಂದಳು.

ಕೇಳಿದ್ದಳು. ಅವಳು ಹೇಳಲು ಸುರು ಮಾಡಿದೊಡನೆ ನನಗೆ ನೆನಪಾಯಿತು. ಆ ವರ್ಷದ ಬೇಸಿಗೆ, ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಬೆಂಚು. ಸ್ತವನಿಧಿಯಿಂದ ಮರಳುತ್ತಿದ್ದೆವು. ಅವಳು ಇದ್ದಕ್ಕಿದ್ದಂತೆ, ಮಕ್ಕಳು ತಮ್ಮ ತಮ್ಮ ದಾರಿ ಹಿಡಿದಾರ, ಕಾಲಾಗ ಇನ್ನೂ ಕಸುವು ಐತಿ, ಇಬ್ಬರೂ ಕೂಡಿ ಎಲ್ಲಾರೆ ದೂರ ಹೋಗಿ ಬರೂಣೇನ ಅಂದಳು. ನಾನು ಶೇಂಗಾ ತಿನ್ನುತ್ತ ನಕ್ಕಿದ್ದೆ. “ಹುಚ್ಚ ಹಿಡದೈತೇನ ವೈನಿ? ನಾ ರಿಟೈರ್ ಆಗಲಿ, ನೋಡೂಣಂತ.” ಆ ಬೇಸಿಗೆಯಲ್ಲಿ ಇನ್ನೂ ಎರಡು ಸಲ ಕೇಳಿದ್ದಳಂತೆ. ಅವು ನನಗೆ ನೆನಪೂ ಇಲ್ಲ. ಆ ವರ್ಷದ ಮಳೆಗಾಲದಲ್ಲೇ ಅವಳು ವ್ರತ ತೆಗೆದುಕೊಂಡಳು.

“ಸಾಮಾಯಿಕಕ್ಕ, ಧ್ಯಾನಕ್ಕ ಕೂತ್ರ ಕಣ್ಣ ಮುಂದ ಬರೇ ದಾರಿ ಬರ್ತಿದ್ದು,” ಎಂದಳು. “ಕೂಡಾಕ ಕೊಡವಲ್ದು. ಮತ್ತ ಏನ ಮಾಡ್ಲಿ? ಹರದಾಡೂ ದನಾ ಕಟ್ಟಿದಂಗ ಕಟ್ಟಿ ಹಾಕಿದೆ. ಈಗ ತ್ರಾಸಿಲ್ಲ.”

ತ್ರಾಸಿಲ್ಲ ಎಂದದ್ದು ನಿಜವೇ ಇರಬೇಕು. ಅವಳ ಮುಖದಲ್ಲಿ ನನ್ನ ಮೇಲೆ ದೂರು ಇರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಮುಂದಿನ ಬಸ್ಸಿಗೇ ಚಿಕ್ಕೋಡಿಗೆ ಮರಳಿ, ಎರಡು ರವಿವಾರ ಬೇಡಕಿಹಾಳದ ಕಡೆ ಮುಖ ಹಾಕಲಿಲ್ಲ. ಹೋಗುವುದೇ ಬೇಡ ಎಂದುಕೊಂಡೆ. ಮೂರನೆಯ ರವಿವಾರ ಅವಳೇ ಬಸ್ಸು ಹತ್ತಿ ಬಂದು, ನೋಟ್‌ಬುಕ್ಕನ್ನು ನನ್ನ ಟೇಬಲ್ಲಿನ ಮೇಲಿಟ್ಟಳು. ಹೊತ್ತು ಮುಳುಗುವ ಖಾನೆಗೆ ಅಡ್ಡಗೆರೆ ಎಳೆದಿದ್ದಳು. ನಾನು ಚಿಕ್ಕೋಡಿಯಲ್ಲಿ ರಾತ್ರಿ ಎಂಟಕ್ಕೆ ಉಣ್ಣುತ್ತೇನೆ ಎಂಬುದು ಅವಳಿಗೆ ಎಂದಿನಿಂದಲೋ ಗೊತ್ತಿತ್ತು. ಒಬ್ಬಳಿಗೆ ಸರಿಹೋಗುವ ಹಾಗೆ ರೈಲುಗಳನ್ನೂ ಬದಲಿಸಿದ್ದಳು.

ಬರುವ ತಿಂಗಳು ಹೊರಡುತ್ತೇನೆ. ಟಿಕೀಟು ಒಂದೇ. ಈಗ ವಾರದಲ್ಲಿ ನಾಲ್ಕು ದಿನ ಬೇಡಕಿಹಾಳದಲ್ಲೇ ಉಳಿದು, ಮುಂಜಾನೆ ಕಾಲುವೆಯ ದಾರಿಯಲ್ಲಿ ಚೀಲ ಹೊತ್ತು ನಡೆಯುವುದನ್ನು ರೂಢಿ ಮಾಡುತ್ತಿದ್ದೇನೆ. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಬಂದಾಗ ಬದಿಗೆ ಸರಿಯುತ್ತೇವೆ. ವೈನಿ ಬರಿಗೈಯಲ್ಲಿ ನನ್ನ ಪಕ್ಕದಲ್ಲಿ ನಡೆಯುತ್ತ, ಪಟ್ಟಿ ಸಡಿಲಾದಲ್ಲಿ ಬಿಗಿಯುತ್ತಾಳೆ.

ಮೊನ್ನೆ ನಡೆಯುತ್ತಿದ್ದಾಗ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಯೇಬಿಟ್ಟೆ. “ವೈನಿ, ಆವತ್ತ ನಿಪ್ಪಾಣ್ಯಾಗ ನಾ ಹೂಂ ಅಂದಿದ್ರ ಯಾವ ದೇಶಕ್ಕ ಹೋಗ್ತಿದ್ವಿ?”

ಅವಳು ಯೋಚಿಸಲೂ ಇಲ್ಲ. “ಯಾವದಾರೆ,” ಎಂದಳು. “ನೀ ಹೂಂ ಅಂದಿದ್ರ ಸಾಕಿತ್ತು.”

ಚೀಲ ಇಳಿಸಿ ಅಲ್ಲೇ ಕಾಲುವೆಯ ದಂಡೆಯ ಮೇಲೆ ಕುಳಿತು ಅತ್ತುಬಿಟ್ಟೆ. ವೈನಿ ಸಮಾಧಾನ ಮಾಡಲಿಲ್ಲ. ಪಕ್ಕದಲ್ಲಿ ನಿಂತು ನನ್ನ ಅಳು ಮುಗಿಯುವವರೆಗೆ ಕಾದು, ಚೀಲ ಎತ್ತಿ ನನ್ನ ಬೆನ್ನಿಗೆ ಹಿಡಿದಳು.