ಬರ್ಲಿ, ಬರ್ಲಿ

ದೆವ್ವ, ಭೂತ ಎಂದು ಯಾರಾದರೂ ಶುರು ಮಾಡಿದರೆ ಎದುರಿಗೇ ನಕ್ಕುಬಿಡುತ್ತಿದ್ದ ಮನುಷ್ಯ ನಾನು. ಇವತ್ತಿಗೂ ನಂಬುತ್ತೇನೆ ಎನ್ನಲಾರೆ. ನಗುವುದನ್ನು ಮಾತ್ರ ಬಿಟ್ಟಿದ್ದೇನೆ. ಯಾಕೆಂದು ಹೇಳುತ್ತೇನೆ, ನಿಮಗೇನಾದರೂ ತಿಳಿದರೆ ನೋಡಿ.

ಎಪ್ಪತ್ತರ ದಶಕದ ಕೊನೆಗೆ ನಾನು ಗದಗಿನ ಗುತ್ತಿಗೆದಾರರೊಬ್ಬರ ಟ್ರೇಲರ್ ಓಡಿಸುತ್ತಿದ್ದೆ. ನೆಲಕ್ಕೆ ಹತ್ತಿದಂತಿದ್ದ ಹಳೆಯ ಗಾಡಿ. ಮೇಲೆ ಬುಲ್ಡೋಜರ್ ಹೇರಿದರೆ ಹಿಂದಿನದು ಏನೂ ಕಾಣುತ್ತಿರಲಿಲ್ಲ. ಇಳಿಸುವಾಗ ಮಣ್ಣಿನ ದಿಬ್ಬ ಹುಡುಕಿ, ಟ್ರೇಲರಿನ ಹಿಂಭಾಗವನ್ನು ಅದಕ್ಕೆ ತಾಗಿಸಿ ನಿಲ್ಲಿಸಬೇಕು. ಹಾಗೆ ಹಿಂದೆ ತೆಗೆದುಕೊಳ್ಳುವಾಗ ನನ್ನ ಕಣ್ಣೆಂದರೆ ಗಾಡಿಯ ಕ್ಲೀನರ್, ಬೆಟಗೇರಿಯ ಇಮಾಮಸಾಬನ ದನಿ. "ಬರ್ಲಿ, ಬರ್ಲಿ, ಬರ್ಲಿ" ಎಂದು ಅವನು ಹಿಂದೆ ನಿಂತು ಕೂಗಿದರೆ ಇಂಜಿನ್ ಗದ್ದಲವೂ ಸಣ್ಣದು. ಹನ್ನೊಂದು ವರ್ಷ ಅವನ "ಬರ್ಲಿ"ಗೆ ಬಂದೆ, "ಹೋಲ್ಡಾನ್"ಗೆ ನಿಂತೆ.

ಆ ದಿನ ಮುಂಡರಗಿಯ ಆಚೆ, ಗುಡ್ಡದ ಬುಡದ ಕಲ್ಲುಗಣಿಗೆ ಹೋಗಿದ್ದೆವು. ಇಮಾಮಸಾಬನ ಗಂಟಲು ಮೂರು ದಿನದಿಂದ ಕಟ್ಟಿತ್ತು. ಪಿಸುಮಾತೂ ಹೊರಡುತ್ತಿರಲಿಲ್ಲ.

"ಇವತ್ತರ ನನ್ನ ಕಿವಿಗೆ ಸೂಟಿ ಸಿಕ್ತು ನೋಡಪಾ" ಎಂದು ಚೇಷ್ಟೆ ಮಾಡಿದೆ. ಅವನು ನಕ್ಕು, ಕಲ್ಲೊಂದನ್ನು ಎತ್ತಿಕೊಂಡು ಟ್ರೇಲರಿನ ಕಬ್ಬಿಣಕ್ಕೆ ಬಡಿದು ತೋರಿಸಿದ. ಬಡಿಯುತ್ತಿರುವವರೆಗೆ ಹಿಂದೆ ಬರಬೇಕು, ಬಡಿತ ನಿಂತರೆ ಗಾಡಿ ನಿಲ್ಲಬೇಕು ಎಂದು ಮಾತಾಯಿತು.

ಮಟಮಟ ಮಧ್ಯಾಹ್ನ. ದಿಬ್ಬ ಇನ್ನೆರಡು ಮಾರು ಇರುವಾಗ ಬಡಿತ ನಿಂತಿತು. ನಾನೂ ನಿಂತೆ. ಅಷ್ಟರಲ್ಲಿ "ಬರ್ಲಿ, ಬರ್ಲಿ" ಎಂದು ಕೇಳಿಸಿತು. ಅದೇ ದನಿ, ಒಂದಿಷ್ಟೂ ಒಡಕಿಲ್ಲ. ಪುಣ್ಯಾತ್ಮನ ಗಂಟಲು ಬಿಟ್ಟಿತಲ್ಲ ಎಂದು ಖುಷಿಯಾಯಿತು. ಆ ಖುಷಿಯಲ್ಲೇ ಗಾಡಿ ಹಿಂದೆ ಬಿಟ್ಟೆ.

ಬುಲ್ಡೋಜರ್ ಮೇಲೆ ಕೂತಿದ್ದ ಆಪರೇಟರ್ ಬಸಪ್ಪ ಕಿರುಚಿಕೊಂಡ. ಗಾಲಿಯ ಹಿಂದಿದ್ದ ಕಲ್ಲನ್ನು ತೆಗೆಯಲು ಇಮಾಮಸಾಬ ಬಗ್ಗಿದ್ದನಂತೆ, ಬಡಿತ ನಿಲ್ಲಿಸಿದ್ದೇನೆ, ಗಾಡಿ ಅಲುಗದು ಎಂಬ ಧೈರ್ಯದಲ್ಲಿ. ಸೊಂಟದ ಕೆಳಗೆ ಏನೂ ಉಳಿದಿರಲಿಲ್ಲ. ಜೀವ ಮಾತ್ರ ಜಲ್ದಿ ಹೋಗಲಿಲ್ಲ. ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದ. ಚೀರಲಿಕ್ಕೂ ಅವನಿಗೆ ದನಿ ಇರಲಿಲ್ಲ.

"ಅಂವಾ ಬರ್ಲಿ ಅಂದನಲ್ಲೋ!" ಎಂದೆ.

"ಯಾರೂ ಏನೂ ಅಂದಿಲ್ಲಲೇ" ಎಂದು ಬಸಪ್ಪ ಅಳುತ್ತ ಬೈದ. "ಅವನ ಗಂಟಲಾ ಕಟ್ಟಿದ್ದು ನಿನಗ ಗೊತ್ತಿದ್ದಿಲ್ಲೇನು?"

ಹನ್ನೊಂದು ವರ್ಷದ ರೂಢಿ, ಕಿವಿಯೇ ಹುಟ್ಟಿಸಿಕೊಂಡಿತು ಎನ್ನುತ್ತಾರೆ ತಿಳಿದವರು. ಇರಬಹುದು. ಆದರೆ ಅದು ಇಮಾಮಸಾಬನ ದನಿಯೇ ಎಂದು ಆಣೆ ಮಾಡಿ ಹೇಳಬಲ್ಲೆ. ಅವನು ಕೂಗಿರಲಾರ ಎಂದೂ ಅಷ್ಟೇ ಖಚಿತವಾಗಿ ಬಲ್ಲೆ.

ಹೆಣ ಬೆಟಗೇರಿಗೆ ತಂದಾಗ ಅವನ ಹೆಂಡತಿ ನನ್ನ ಹತ್ತಿರ ಬಂದಳು. "ಅಣ್ಣಾ, ಮೂರು ದಿನದಿಂದ ಮನ್ಯಾಗ ಬರೇ ಕೈಸನ್ನಿ ಮಾಡತಿದ್ರು. ಕಡೀಕ ನಿಮಗರ ಅವರ ದನಿ ಕೇಳಿಸ್ತೇನ್ರಿ?"

"ಕೇಳಿಸ್ತವ್ವಾ" ಎಂದೆ.

ಅವಳ ಮುಖ ಒಂದು ಗಳಿಗೆ ಅರಳಿತು. "ಹಂಗಾರ ನಾ ಮಾಡಿಕೊಟ್ಟ ಕಷಾಯ ಹತ್ತಿತ್ತು" ಎಂದಳು.

ಏನಂದರು ಎಂದು ಅವಳು ಕೇಳಲಿಲ್ಲ.